ಎಪಿ3 ಎಲ್ಲದಕ್ಕೂ ಸಾಕೇ? ದಾವಣಗೆರೆ, ಚಿತ್ರದುರ್ಗದ ಟ್ರ್ಯಾಕ್ಟರ್, ಲೋಡರ್‌ಗಳಿಗೆ ಸಿಗುವ ಗ್ರೀಸ್‌ಗಳ ವಿಮರ್ಶೆ

ದಾವಣಗೆರೆ ಪಿ.ಬಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಾಗಲಿ, ಚಳ್ಳಕೆರೆ, ಹಿರಿಯೂರಿನ ಆಯಿಲ್ ಅಂಗಡಿಯಲ್ಲಾಗಲಿ, ‘ಟ್ರ್ಯಾಕ್ಟರ್‌ಗೆ ಗ್ರೀಸ್ ಕೊಡಿ’ ಎಂದರೆ ಹೆಚ್ಚಾಗಿ ಕೈಗೆ ಬರುವುದು ಎಪಿ3 ಎಂಬ ಗಟ್ಟಿ ಲಿಥಿಯಂ ಗ್ರೀಸ್. ‘ಜೆಸಿಬಿಗೆ’ ಎಂದರೂ ಬಹಳ ಕಡೆ ಅದೇ ಡಬ್ಬಿ. ಎಪಿ3 ಕೆಟ್ಟ ಮಾಲೇನಲ್ಲ. ವೀಲ್ ಹಬ್ ಬಿಚ್ಚಿ ಕೈಯಲ್ಲಿ ತುಂಬುವ ಕೆಲಸಕ್ಕೆ ಅದು ಚೆನ್ನಾಗಿಯೇ ಒದಗುತ್ತದೆ. ಬಕೆಟ್ ಪಿನ್ನಿಗೂ ರೋಟವೇಟರ್ ಶಾಫ್ಟಿನ ಕೀಲಾದ ಕ್ರಾಸಿಗೂ ಅದನ್ನೇ ಹೊಡೆಯುವುದು ಮಾತ್ರ ಬರೀ ರೂಢಿ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಒಂದು ಟ್ರ್ಯಾಕ್ಟರ್, ರೋಟವೇಟರ್, ಟ್ರಾಲಿ ಇಷ್ಟೇ ಇದ್ದವರಿಗೆ ಲಿಥಿಯಂ ಇಪಿ 2 ಗ್ರೀಸ್ (ಭಾರ ತಡೆಯುವ, 2ನೇ ನಂಬರಿನದು) ಒಂದೇ ಸಾಕು, ಹಬ್ಬಿಗೂ ಅದನ್ನೇ ತುಂಬಬಹುದು. ಲೋಡರ್ ಅಥವಾ ಬ್ಯಾಕ್‌ಹೋ (ಹಿಂದೆ ಅಗೆಯುವ ತೋಳಿರುವ ಜೆಸಿಬಿಯಂಥ ಯಂತ್ರ) ಇದ್ದರೆ ಪಿನ್ನುಗಳಿಗೆಂದು ಮೋಲಿ ಎಂಬ ಜಾರು ಪುಡಿ ಸೇರಿದ ಎರಡನೇ ಡಬ್ಬಿ ಇಟ್ಟುಕೊಳ್ಳಬೇಕು. ಭದ್ರಾ ನಾಲೆಯ ಕೆಳಗೆ ಗದ್ದೆ ಮಾಡುವವರಿಗೆ ಮೂರನೆಯದೊಂದರ ಮಾತು ಮುಂದೆ ಬರುತ್ತದೆ. ಇದಕ್ಕಿಂತ ಹೆಚ್ಚು ಬಗೆಯ ಗ್ರೀಸ್ ಮನೆಯಲ್ಲಿ ಇಟ್ಟರೆ ಕೆಲಸದವರು ಅದಕ್ಕಿದು ಇದಕ್ಕದು ಹಾಕುವುದು ಖಂಡಿತ.

ಡಬ್ಬಿಯ ಮೇಲೆ ಏನು ನೋಡಬೇಕು

ಬಣ್ಣ ನೋಡಬೇಡಿ. ಕೆಂಪು, ನೀಲಿ, ಹಸಿರು ಎಲ್ಲವೂ ಕಂಪನಿ ಬೆರೆಸುವ ಬಣ್ಣ, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಪ್ಪು ಕಂಡರೆ ಮಾತ್ರ ಒಳಗೆ ಮೋಲಿಯೋ ಗ್ರಾಫೈಟೋ ಇರಬಹುದು ಎಂದುಕೊಳ್ಳಬಹುದು, ಅದನ್ನೂ ಲೇಬಲ್ ಓದಿಯೇ ನಂಬಬೇಕು.

ಮೊದಲು ನೋಡಬೇಕಾದ್ದು ಎನ್‌ಎಲ್‌ಜಿಐ ನಂಬರ್. ಗ್ರೀಸ್ ಎಷ್ಟು ಗಟ್ಟಿ ಎಂದು ಹೇಳುವ ಅಳತೆ ಇದು, 000ದಿಂದ 6ರವರೆಗೆ ಇದೆ. 25 ಡಿಗ್ರಿಯಲ್ಲಿ, 60 ಸಲ ಕಡೆದ ಗ್ರೀಸಿನೊಳಕ್ಕೆ ಲೋಹದ ಶಂಕು ಎಷ್ಟು ಇಳಿಯಿತು ಎಂದು ಅಳೆದು ಈ ನಂಬರ್ ಕೊಡುತ್ತಾರೆ. 2ನೇ ನಂಬರಿನಲ್ಲಿ ಶಂಕು 26.5ರಿಂದ 29.5 ಮಿ.ಮೀ, 3ನೇ ನಂಬರಿನಲ್ಲಿ 22ರಿಂದ 25 ಮಿ.ಮೀ ಇಳಿಯುತ್ತದೆ. ಈ ವ್ಯತ್ಯಾಸ ಚಿಕ್ಕದೆನಿಸಿದರೂ ಗ್ರೀಸ್ ಪಂಪಿನ ಉದ್ದ ಹೋಸ್ ದಾಟಿ, ಪಿನ್ನಿನ ಸಣ್ಣ ತೂತು ಹಾದು, ಬುಷ್ ಮೈಯೆಲ್ಲ ಹರಡುವ ಹೊತ್ತಿಗೆ 3ನೇ ನಂಬರ್ ತಿಣುಕುತ್ತದೆ. ಬೆಳಗಿನ ಚಳಿಯಲ್ಲಿ ಇನ್ನಷ್ಟು. ಎಪಿ3ಯ ಕೊನೆಯ 3 ಈ ನಂಬರೇ. ಪಿನ್ನಿಗೆ ಅದು ಒಗ್ಗದಿರುವ ಮೊದಲ ಕಾರಣವೂ ಇದೇ.

ಎರಡನೆಯದು ‘ಇಪಿ’ ಎಂಬ ಎರಡಕ್ಷರ. ಗಂಧಕ, ರಂಜಕದ ರಾಸಾಯನಿಕ ಸೇರಿಸಿ, ಭಾರ ಬಿದ್ದಾಗ ಲೋಹಕ್ಕೆ ಲೋಹ ಅಂಟಿ ಕೀಳದಂತೆ ಮಾಡಿದ ಗ್ರೀಸ್ ಇದು. ಇದರ ಅಳತೆ ಫೋರ್ ಬಾಲ್ ವೆಲ್ಡ್ ಲೋಡ್, ಅಂದರೆ ಒಂದಕ್ಕೊಂದು ಉಜ್ಜುವ ಉಕ್ಕಿನ ಗುಂಡುಗಳು ಬೆಸೆದುಕೊಳ್ಳುವ ಭಾರ. ಕಂಪನಿಯ ಡೇಟಾ ಶೀಟಿನಲ್ಲಿ ಈ ಅಂಕಿ 250 ಕೆ.ಜಿ ಅಥವಾ ಅದಕ್ಕಿಂತ ಮೇಲಿದ್ದರೆ ಇಪಿ ಎಂದದ್ದಕ್ಕೆ ಅರ್ಥವಿದೆ. ಬರೀ ‘ಮಲ್ಟಿಪರ್ಪಸ್’ ಎಂದು ಬರೆದು ಇಪಿ ಇಲ್ಲದ ಡಬ್ಬಿಗಳೂ ಇವೆ.

ಮೂರನೆಯದು ಬೇಸ್ ಆಯಿಲಿನ ದಪ್ಪ. ಗ್ರೀಸ್‌ನಲ್ಲಿ ಹೆಚ್ಚಿನ ಪಾಲು ಎಣ್ಣೆಯೇ, ಲಿಥಿಯಂ, ಕ್ಯಾಲ್ಸಿಯಂ ಇತ್ಯಾದಿಗಳ ಸೋಪು ಅದನ್ನು ಹಿಡಿದಿಡುತ್ತದೆ ಅಷ್ಟೇ. ಗ್ರೀಸ್ ಗಟ್ಟಿಯಾಗಿದೆ ಎಂದ ಮಾತ್ರಕ್ಕೆ ಒಳಗಿನ ಎಣ್ಣೆ ದಪ್ಪ ಎಂದಲ್ಲ, ಅಂಗಡಿಯವರೂ ಇಲ್ಲೇ ಎಡವುತ್ತಾರೆ. ಟ್ರ್ಯಾಕ್ಟರಿನ ಸಾಮಾನ್ಯ ಕೆಲಸಕ್ಕೆ 150ರಿಂದ 220 ಗ್ರೇಡಿನ ಎಣ್ಣೆ ಬೇಕು. ನಿಧಾನವಾಗಿ, ಭಾರ ಹೊತ್ತು ಅಲ್ಲಾಡುವ ಲೋಡರ್ ಪಿನ್ನಿಗೆ 320 ಅಥವಾ 460 ಇದ್ದರೆ ಒಳ್ಳೆಯದು.

ಇನ್ನು ಡ್ರಾಪಿಂಗ್ ಪಾಯಿಂಟ್. ‘260 ಡಿಗ್ರಿ ತಡೆಯುತ್ತೆ ಸಾರ್’ ಎಂದು ತೋರಿಸಿ ದುಬಾರಿ ಡಬ್ಬಿ ಮಾರುವುದು ಇದರ ಹೆಸರಿನಲ್ಲೇ. ಅದು ಗ್ರೀಸ್ ಕರಗಿ ತೊಟ್ಟಿಕ್ಕುವ ಬಿಸಿ, ಕೆಲಸ ಮಾಡುವ ಬಿಸಿಯಲ್ಲ. ಸಾದಾ ಲಿಥಿಯಂ 180–190ಕ್ಕೆ ತೊಟ್ಟಿಕ್ಕುತ್ತದೆ, 120ರ ಆಚೆ ಬಹಳ ಹೊತ್ತು ದುಡಿಸಬಾರದು. ಲಿಥಿಯಂ ಕಾಂಪ್ಲೆಕ್ಸ್ 250 ದಾಟಿದರೂ ಒಳಗಿನ ಮಿನರಲ್ ಎಣ್ಣೆಗೆ 150ರ ಸುಮಾರಿಗೇ ಸುಸ್ತು. ನಮ್ಮ ಟೂ ವೀಲ್ ಡ್ರೈವ್ ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ, ಬಹುತೇಕ ಟ್ರಾಲಿಗಳಿಗೂ ಇಲ್ಲ. ಬೇರಿಂಗ್ ಸರಿಯಾಗಿ ಬಿಗಿದಿದ್ದರೆ ಹಬ್ ಕೈಯಲ್ಲಿ ಮುಟ್ಟುವಷ್ಟೇ ಬೆಚ್ಚಗಿರುತ್ತದೆ. ಲಾರಿಯವರು ಕೊಡುವ ದುಡ್ಡನ್ನು ಟ್ರ್ಯಾಕ್ಟರಿನವರು ಬಿಸಿಗಾಗಿ ಕೊಡಬೇಕಿಲ್ಲ, ನೀರು ತಡೆಯುವ ಗುಣಕ್ಕೆ ಕೊಡಲಿ.

ಅಂಗಡಿಯಲ್ಲಿ ಸಿಗುವ ಮಾಲು

ಮಂದ ಕಂದು ಬಣ್ಣದ ಚಾಸಿ ಗ್ರೀಸ್, ಅಂದರೆ ಕ್ಯಾಲ್ಸಿಯಂ ಸೋಪಿನದು, ಎಲ್ಲಕ್ಕಿಂತ ಅಗ್ಗ. ನೀರಿಗೆ ಹೆದರುವುದಿಲ್ಲ. ಆದರೆ ಸಾದಾ ಕ್ಯಾಲ್ಸಿಯಂ ಗ್ರೀಸ್ 60 ಡಿಗ್ರಿ ದಾಟಿದ ಕಡೆ ನಿಲ್ಲುವುದಿಲ್ಲ, ಒಳಗಿನ ನೀರಿನಂಶ ಆವಿಯಾಗಿ ಎಣ್ಣೆ ಬೇರೆ, ಸೋಪು ಬೇರೆ ಆಗುತ್ತದೆ. ಪೆಡಲ್ ಶಾಫ್ಟ್, ಕಲ್ಟಿವೇಟರ್ ಸ್ಪ್ರಿಂಗಿನ ಕೊಂಡಿ, ಟ್ರಾಲಿಯ ಹುಕ್ಕು ಇಂಥವಕ್ಕೆ ಪರವಾಗಿಲ್ಲ. ಬೇರಿಂಗಿಗೆ ಬೇಡ. ಗ್ರಾಫೈಟ್ ಗ್ರೀಸ್ ಟ್ರಾಲಿಯ ಲೀಫ್ ಸ್ಪ್ರಿಂಗಿಗೆ ಸೊಗಸು, ಅದನ್ನೂ ಬೇರಿಂಗಿನ ಹತ್ತಿರ ಸುಳಿಯಗೊಡಬೇಡಿ.

ಎಪಿ3 ಎಂಬುದು ಒಂದೇ ಕಂಪನಿಯ ಸೊತ್ತಲ್ಲ. ಕ್ಯಾಸ್ಟ್ರಾಲ್, ಭಾರತ್ ಪೆಟ್ರೋಲಿಯಂನ ಮ್ಯಾಕ್ ಎರಡರಲ್ಲೂ ಈ ಹೆಸರಿನ ಗ್ರೀಸ್ ಇದೆ. ಬಾಲ್ಮರ್ ಲಾರಿಯ ಬಾಲ್ಮೆರಾಲ್ ಮಲ್ಟಿಗ್ರೀಸ್ ಎಲ್‌ಎಲ್3 ಕೂಡ ಇದೇ ಜಾತಿಯದು: ಲಿಥಿಯಂ, 3ನೇ ನಂಬರ್. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಬಿಸಿಲಿನಲ್ಲಿ ಟ್ರಾಲಿ ಹಬ್ಬಿಗೆ ತುಂಬಲು ಇವು ಸರಿಯಾದ ಆಯ್ಕೆ, ಬೇಗ ಇಳಿದು ಸೋರುವುದಿಲ್ಲ.

ಬಹಳ ಮಂದಿ ಕೇಳದೇ ಬಿಡುವ, ಆದರೆ ನಾವು ಮೊದಲ ಸ್ಥಾನ ಕೊಡುವ ಮಾಲು ಲಿಥಿಯಂ ಇಪಿ 2. ಇಂಡಿಯನ್ ಆಯಿಲಿನ ಸರ್ವೋಜೆಮ್ ಇಪಿ 2, ಹಿಂದೂಸ್ತಾನ್ ಪೆಟ್ರೋಲಿಯಂನ ಲಿಥಾನ್ ಇಪಿ 2, ಶೆಲ್‌ನ ಗ್ಯಾಡಸ್ ಎಸ್2 ವಿ220 2 ಎಲ್ಲ ಈ ಸಾಲಿನವು. ಶೆಲ್ ಹೆಸರಿನಲ್ಲೇ ಗುಟ್ಟಿದೆ. ವಿ220 ಎಂದರೆ ಎಣ್ಣೆಯ ದಪ್ಪ, ಕೊನೆಯ 2 ಎನ್‌ಎಲ್‌ಜಿಐ ನಂಬರ್. ಹೆಸರಿಗೆ ‘ಎಡಿ’ ಸೇರಿದ್ದರೆ ಘನ ಪುಡಿ ಬೆರೆತ ಕಪ್ಪು ಗ್ರೀಸ್. ಈ ಮೂರರಲ್ಲಿ ಯಾವುದು ಮೇಲು ಎಂದು ಹಟ ಹಿಡಿಯುವುದಕ್ಕಿಂತ, ನಿಮ್ಮೂರ ಹತ್ತಿರ ವರ್ಷವಿಡೀ ಸಿಗುವುದು ಯಾವುದೋ ಅದನ್ನೇ ಹಿಡಿದು ಬದಲಿಸದೆ ಬಳಸುವುದು ಲಾಭ. ಸರ್ಕಾರಿ ತೈಲ ಕಂಪನಿಗಳ ಮಾಲಾದರೆ ಪೆಟ್ರೋಲ್ ಬಂಕಿನಲ್ಲೇ ಹೇಳಿ ತರಿಸಬಹುದು ಎಂಬ ಅನುಕೂಲವಿದೆ.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಲಿಥಿಯಂ ಕಾಂಪ್ಲೆಕ್ಸ್. ಮೊಬಿಲ್‌ಗ್ರೀಸ್ ಎಕ್ಸ್‌ಎಚ್‌ಪಿ 222 ಇದರಲ್ಲಿ ಹೆಸರಾದದ್ದು. ಅಂಟು ಚೆನ್ನಾಗಿದೆ, ನೀರಲ್ಲಿ ಬೇಗ ತೊಳೆದುಹೋಗುವುದಿಲ್ಲ. ಬ್ರೇಕ್ ಇರುವ ಹಬ್, ದಿನವಿಡೀ ಓಡುವ ಕಂಬೈನ್ ಹಾರ್ವೆಸ್ಟರ್ ಬೇರಿಂಗುಗಳಿಗೆ ದುಡ್ಡು ದಕ್ಕುತ್ತದೆ. ಬರೀ ಕಲ್ಟಿವೇಟರ್ ಎಳೆಯುವ ಟ್ರ್ಯಾಕ್ಟರಿಗೆ ಇದು ದುಂದು.

ಲೋಡರ್ ಪಿನ್ನಿನ ಕಥೆಯೇ ಬೇರೆ. ಬೇರಿಂಗ್ ಸುತ್ತುತ್ತದೆ, ಸುತ್ತುವಾಗ ತನ್ನಡಿಗೆ ತಾನೇ ಎಣ್ಣೆಯ ಪದರ ಎಳೆದುಕೊಳ್ಳುತ್ತದೆ. ಬಕೆಟ್ ಪಿನ್ ಸುತ್ತುವುದಿಲ್ಲ. ಒಂದಷ್ಟು ಡಿಗ್ರಿ ಆ ಕಡೆ, ಈ ಕಡೆ ತೂಗಿ ನಿಲ್ಲುತ್ತದೆ, ನಿಂತಲ್ಲೇ ಟನ್ನುಗಟ್ಟಲೆ ಭಾರ ಹೊರುತ್ತದೆ. ಪದರ ಕಟ್ಟುವ ಮೊದಲೇ ಎಣ್ಣೆ ಹಿಂಡಿಹೋಗಿ ಪಿನ್ನೂ ಬುಷ್ಷೂ ಮುಟ್ಟುತ್ತವೆ. ಆಗ ನಡುವೆ ಉಳಿಯುವುದು ಮೋಲಿ, ಅಂದರೆ ಮೊಲಿಬ್ಡಿನಮ್ ಡೈಸಲ್ಫೈಡ್ ಪುಡಿ. 3 ಶೇಕಡಾ ಮೋಲಿ, 2ನೇ ನಂಬರ್, ಇಪಿ ಎಂದು ಕೇಳಿ ತನ್ನಿ. ಮೊಬಿಲ್‌ನಲ್ಲಿ ಎಕ್ಸ್‌ಎಚ್‌ಪಿ 222 ಸ್ಪೆಷಲ್‌ಗೆ ಮೋಲಿ 0.75 ಶೇಕಡಾ ಮಾತ್ರ. ಗಣಿ ಯಂತ್ರಗಳಿಗೆಂದು ಮಾಡಿದ 322 ಮೈನ್‌ಗೆ 5 ಶೇಕಡಾ, ಎಣ್ಣೆಯೂ 320 ಗ್ರೇಡಿನದು. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅದಿರು ತುಂಬುವ ಲೋಡರಿಗೆ ಎರಡನೆಯದು ತೂಗುತ್ತದೆ. ಊರಲ್ಲಿ ಮಣ್ಣು, ಗೊಬ್ಬರ ಎತ್ತುವ ಯಂತ್ರಕ್ಕೆ 3 ಶೇಕಡಾದ್ದು ಧಾರಾಳವಾಯಿತು. ಮೋಲಿ ಒಳ್ಳೆಯದೆಂದು ಆಲ್ಟರ್ನೇಟರ್, ಫ್ಯಾನಿನಂಥ ವೇಗದ ಬೇರಿಂಗಿಗೆ ಹಾಕಬೇಡಿ. ಅಲ್ಲಿ ರೋಲರ್ ಉರುಳುವ ಬದಲು ಜಾರತೊಡಗುತ್ತದೆ.

ಜೆಸಿಬಿ ಮ್ಯಾನುಯಲ್‌ನಲ್ಲಿ ‘ಎಚ್‌ಪಿ ಗ್ರೀಸ್’ ಎಂದಿರುವುದನ್ನು ಓದಿ ಕೆಲವರು ಎಚ್‌ಪಿ ಬಂಕಿಗೆ ಹೋಗುತ್ತಾರೆ. ಅದು ಜೆಸಿಬಿಯವರೇ ತಮ್ಮ ಹೆಸರಲ್ಲಿ ಮಾರುವ ಗ್ರೀಸ್, ಹಿಂದೂಸ್ತಾನ್ ಪೆಟ್ರೋಲಿಯಂಗೂ ಅದಕ್ಕೂ ನಂಟಿಲ್ಲ. ಯಂತ್ರ ವಾರಂಟಿಯಲ್ಲಿದ್ದರೆ ಮ್ಯಾನುಯಲ್ ಹೇಳಿದ್ದನ್ನೇ ಹಾಕಿ, ಬಿಲ್ ಇಟ್ಟುಕೊಳ್ಳಿ.

ಕೆಸರು ಗದ್ದೆಯ ಲೆಕ್ಕ

ಹರಿಹರ, ಮಲೇಬೆನ್ನೂರು, ಹೊನ್ನಾಳಿ ಕಡೆ ನಾಲೆ ನೀರು ಬಿಟ್ಟೊಡನೆ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರುಗಳು ಗದ್ದೆಗಿಳಿಯುತ್ತವೆ. ಮುಂದಿನ ಹಬ್ ಗಂಟೆಗಟ್ಟಲೆ ಕೆಸರು ನೀರಲ್ಲಿ ಮುಳುಗಿರುತ್ತದೆ. ಬೆಚ್ಚಗಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲಿನ ತುಟಿಯ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಬ್ ಬಿಚ್ಚಿದಾಗ ಗ್ರೀಸ್ ಮಜ್ಜಿಗೆಯಂತೆ ಬಿಳಿಚಿಕೊಂಡು ನೀರಾಗಿದ್ದರೆ ನೀರು ಹೊಕ್ಕಿದೆ ಎಂದೇ. ರೋಲರಿನ ಮೇಲೆ ತೆಳ್ಳನೆಯ ಕಂದು ಗೆರೆಗಳು ಕಂಡರೆ ತುಕ್ಕು ಶುರುವಾಗಿದೆ. ಆ ಬೇರಿಂಗ್ ತೊಳೆದು ಹಾಕಿದರೂ ಹೆಚ್ಚು ದಿನ ಬಾರದು.

ಇಲ್ಲಿಗೆ ಕ್ಯಾಲ್ಸಿಯಂ ಸಲ್ಫೋನೇಟ್ ಕಾಂಪ್ಲೆಕ್ಸ್ ಗ್ರೀಸ್ ಹೇಳಿ ಮಾಡಿಸಿದಂತಿದೆ. ನೀರು ಸೇರಿದರೂ ಹದ ಕೆಡುವುದಿಲ್ಲ, ತುಕ್ಕು ತಡೆಯುವ ಗುಣ ಸೋಪಿನಲ್ಲೇ ಇದೆ, ಭಾರವನ್ನೂ ಹೊರುತ್ತದೆ. ಬೆಲೆ ಮಾತ್ರ ಸಾದಾ ಲಿಥಿಯಂಗಿಂತ ಬಹಳ ಮೇಲೆ, ಚಿಕ್ಕ ಊರುಗಳಲ್ಲಿ ಹೇಳಿ ತರಿಸಬೇಕು. ಬಾಡಿಗೆಗೆ ಎರಡೂ ಬೆಳೆಗೆ ಗದ್ದೆ ಹೊಡೆಯುವವರಿಗೆ ಇದು ಬೇರಿಂಗ್ ಸೆಟ್ಟಿನ ಖರ್ಚು ಉಳಿಸುತ್ತದೆ. ತಮ್ಮ ನಾಲ್ಕೆಕರೆಗೆ ಮಾತ್ರ ಇಳಿಸುವವರು ಆ ದುಡ್ಡಿನಲ್ಲಿ ಹೊಸ ಆಯಿಲ್ ಸೀಲ್ ಹಾಕಿಸಿ, ಇಪಿ 2 ತುಂಬಿದರೆ ಸಾಕು. ಸೀಲ್ ಹರಿದಿದ್ದರೆ ಯಾವ ಗ್ರೀಸೂ ಉಳಿಸದು.

ಹಬ್ ತುಂಬುವ ಕ್ರಮ ಹೀಗೆ. ಡಸ್ಟ್ ಕ್ಯಾಪ್, ಸ್ಪ್ಲಿಟ್ ಪಿನ್, ನಟ್ ತೆಗೆದು ಬೇರಿಂಗನ್ನು ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆಯಿರಿ. ಪೂರ್ತಿ ಒಣಗಬೇಕು, ಒಳಗೆ ಉಳಿದ ಡೀಸೆಲ್ ಹೊಸ ಗ್ರೀಸನ್ನು ತೆಳು ಮಾಡುತ್ತದೆ. ಗಾಳಿ ಹೊಡೆದು ಬೇರಿಂಗನ್ನು ಗಿರಗಿರ ತಿರುಗಿಸುವ ಆಟ ಬೇಡ, ರೋಲರ್ ಸಿಡಿದರೆ ಕಣ್ಣು ಹೋದೀತು. ಅಂಗೈಯಲ್ಲಿ ಗ್ರೀಸ್ ಇಟ್ಟು ಬೇರಿಂಗಿನ ಅಗಲ ಬಾಯನ್ನು ಅದಕ್ಕೆ ಒತ್ತಿ ಒತ್ತಿ, ಆಚೆ ಸಂದಿಯಿಂದ ಗ್ರೀಸ್ ಹೊರಬರುವ ತನಕ ತುಂಬಬೇಕು. ಮೇಲೆ ಸವರಿದರೆ ರೋಲರ್‌ಗಳ ನಡುವೆ ಗಾಳಿಯೇ ಉಳಿಯುತ್ತದೆ. ಹಬ್ಬಿನ ಒಳ ಜಾಗದಲ್ಲಿ ಮೂರನೇ ಒಂದು ಭಾಗ ಸಾಕು. ಕಂಠಮಟ್ಟ ತುಂಬಿದರೆ ಗ್ರೀಸ್ ಕಡೆದುಕೊಂಡು ಬಿಸಿಯಾಗಿ ಸೀಲ್ ತಳ್ಳುತ್ತದೆ. ಚಕ್ರ ತಿರುಗಿಸುತ್ತಾ ನಟ್ ಬಿಗಿದು, ಚಕ್ರ ಬಿಗಿ ಹಿಡಿದಂತಾದಾಗ ಪಿನ್ನಿನ ತೂತಿಗೆ ಸರಿಬರುವಷ್ಟು ಹಿಂದಕ್ಕೆ ಸಡಿಲಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಚಕ್ರ ಸಲೀಸಾಗಿ ತಿರುಗಬೇಕು, ಕೈಯಲ್ಲಿ ಅಲ್ಲಾಡಿಸಿದರೆ ಆಟ ತೋರಬಾರದು. ಎಷ್ಟು ಬಿಗಿಯಬೇಕೆಂದು ಮ್ಯಾನುಯಲ್‌ನಲ್ಲಿ ಇದ್ದರೆ ಅದೇ ಪ್ರಮಾಣ.

ಹೊಡೆಯುವ ರೀತಿ ತಪ್ಪಿದರೆ

ಡಬ್ಬಿ ಸರಿ ಆರಿಸಿದರೂ ಮುಂದಿನ ಆಕ್ಸಲ್ಲಿನ ನಡು ಪಿನ್ ಸವೆಯುವುದು ಏಕೆಂದು ಕೇಳುವವರಿದ್ದಾರೆ. ಟ್ರ್ಯಾಕ್ಟರಿನ ಮುಂಭಾರ ಪೂರ್ತಿ ಆ ಪಿನ್ನಿನ ಮೇಲೆ ಕೂತಿರುತ್ತದೆ. ಹಾಗೇ ಹೊಡೆದರೆ ಗ್ರೀಸ್ ಭಾರವಿಲ್ಲದ ಬದಿಯ ಸಂದಿಯಿಂದ ಆಚೆ ಬರುತ್ತದೆ, ಒತ್ತಿಕೊಂಡ ಬದಿ ಒಣಗೇ ಇರುತ್ತದೆ. ಮುಂಭಾಗವನ್ನು ಜಾಕಿಯಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ನೆಲ ಬಿಟ್ಟ ಮೇಲೆ ಹೊಡೆಯಿರಿ. ಕಿಂಗ್ ಪಿನ್ನಿಗೂ ಇದೇ ನಿಯಮ. ಲೋಡರಿನಲ್ಲಾದರೆ ಬಕೆಟ್, ಬೂಮ್ ಎರಡನ್ನೂ ನೆಲಕ್ಕಿಳಿಸಿ ಎಂಜಿನ್ ಆಫ್ ಮಾಡಿ ಒಂದು ಸುತ್ತು ಹೊಡೆದು, ಎಲ್ಲವನ್ನೂ ನಾಲ್ಕು ಸಲ ಆಡಿಸಿ, ಮತ್ತೆ ಇಳಿಸಿ ಎರಡನೇ ಸುತ್ತು ಹೊಡೆದರೆ ಬುಷ್ಷಿನ ಎಲ್ಲ ಬದಿಗೂ ತಲುಪುತ್ತದೆ. ಎತ್ತಿದ ಬಕೆಟ್ಟಿನ ಕೆಳಗೆ ತಲೆ ಹಾಕಿ ಗ್ರೀಸ್ ಹೊಡೆಯುವುದನ್ನು ಯಾರೂ ಮಾಡಕೂಡದು.

ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಶಕ್ತಿ ತರುವ ಪಿಟಿಒ ಶಾಫ್ಟಿನ ಕ್ರಾಸಿಗೆ ಎಂಟು ಹತ್ತು ಗಂಟೆಗೊಮ್ಮೆ, ಅಂದರೆ ದಿನಕ್ಕೊಮ್ಮೆ. ನಾಲ್ಕೂ ಕಪ್ಪಿನಿಂದ ಹಳೆ ಗ್ರೀಸ್ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಶಾಫ್ಟನ್ನು ಆ ಕಪ್ಪಿನ ಎದುರು ದಿಕ್ಕಿಗೆ ಒತ್ತಿ ಹಿಡಿದು ಇನ್ನೊಂದೆರಡು ಸ್ಟ್ರೋಕ್ ಕೊಡಿ. ಆಗಲೂ ಬಾರದಿದ್ದರೆ ಆ ಕಪ್ಪಿನ ಸೂಜಿ ರೋಲರುಗಳು ಆಗಲೇ ಪುಡಿಯಾಗುತ್ತಿವೆ. ಒಂದರೊಳಗೊಂದು ಜಾರುವ ಟೆಲಿಸ್ಕೋಪ್ ಪೈಪನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಅದು ಒಣಗಿ ಕಚ್ಚಿಕೊಂಡರೆ ರೋಟವೇಟರ್ ಎತ್ತಿಳಿಸುವಾಗಿನ ತಳ್ಳು ಪೂರ್ತಿ ಗೇರ್ ಬಾಕ್ಸಿನ ಬೇರಿಂಗಿಗೆ ಹೋಗುತ್ತದೆ. ರೋಟರ್ ತುದಿಯ ಬೇರಿಂಗಿಗೆ ಹೊಡೆಯುವ ಮುನ್ನ ಅಲ್ಲಿರುವುದು ಗ್ರೀಸ್ ನಿಪ್ಪಲ್ಲೋ ಗೇರ್ ಆಯಿಲಿನ ಪ್ಲಗ್ಗೋ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಅದು ಆಯಿಲಿನಲ್ಲಿ ಓಡುತ್ತದೆ. ಅಲ್ಲಿ ಸುತ್ತಿಕೊಂಡ ಹುಲ್ಲು, ಹನಿ ನೀರಾವರಿ ಪೈಪಿನ ಚೂರು, ನೈಲಾನ್ ದಾರ ದಿನವೂ ಕತ್ತರಿಸಿ ತೆಗೆಯದಿದ್ದರೆ ಸೀಲ್ ಉಳಿಯದು.

ಕ್ಲಚ್ ರಿಲೀಸ್ ಬೇರಿಂಗಿಗೆ ನಿಪ್ಪಲ್ ಇರುವ ಹಳೆಯ ಮಾಡೆಲ್ ಇದ್ದರೆ ಒಂದೆರಡು ಸ್ಟ್ರೋಕ್ ದಾಟಬೇಡಿ. ಹೆಚ್ಚಾದದ್ದು ಕ್ಲಚ್ ಪ್ಲೇಟಿಗೆ ಹಾರಿ ಕ್ಲಚ್ ಜಾರುತ್ತದೆ.

ಬೇರಿಂಗಿಗೆ ಎಷ್ಟು ಗ್ರಾಂ ಎಂಬುದಕ್ಕೆ ಬೇರಿಂಗ್ ಕಂಪನಿಗಳ ಸರಳ ಲೆಕ್ಕವಿದೆ. ಹೊರ ವ್ಯಾಸವನ್ನೂ ಅಗಲವನ್ನೂ ಮಿ.ಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 0.005ರಿಂದ ಗುಣಿಸಿದರೆ ಗ್ರಾಂ. 6208 ಬೇರಿಂಗಿಗೆ 80 × 18 × 0.005, ಸುಮಾರು 7 ಗ್ರಾಂ. ನಿಮ್ಮ ಗನ್ನು ಒಂದು ಸ್ಟ್ರೋಕಿಗೆ ಎಷ್ಟು ಕೊಡುತ್ತದೆಂದು ತಿಳಿಯಲು ಹತ್ತು ಸ್ಟ್ರೋಕನ್ನು ಕಾಗದದ ಮೇಲೆ ಹೊಡೆದು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ಕೈ ಗನ್ನಿನಲ್ಲಿ ಸಾಮಾನ್ಯವಾಗಿ ಸ್ಟ್ರೋಕಿಗೆ ಒಂದು, ಒಂದೂವರೆ ಗ್ರಾಂ. ಹಾಗಾದರೆ 6208ಕ್ಕೆ ಐದರಿಂದ ಏಳು ಸ್ಟ್ರೋಕ್, ಅಷ್ಟೇ. ಪಿನ್ನು, ಬುಷ್ಷುಗಳಿಗೆ ಈ ಲೆಕ್ಕವಿಲ್ಲ. ಹಳೆಯದು ಪೂರ್ತಿ ಹೊರಬಂದು ಹೊಸದರ ಬಣ್ಣ ಕಾಣುವವರೆಗೆ ಹೊಡೆಯಬಹುದು.

ಚಿತ್ರದುರ್ಗ ಸೀಮೆಯ ಧೂಳಿಗೆ ಒಂದು ಮಾತು. ಪಿನ್ನಿನ ಸುತ್ತ ಹೊರಬಂದ ಗ್ರೀಸಿನ ಉಂಗುರವನ್ನು ಒರೆಸಬೇಡಿ, ಧೂಳು ಅದಕ್ಕೆ ಅಂಟಿ ಅಲ್ಲೇ ನಿಲ್ಲುತ್ತದೆ. ಮಾರನೇ ದಿನ ಹೊಡೆಯುವ ಮುನ್ನ ಆ ಉಂಗುರ ಕೆರೆದು, ನಿಪ್ಪಲ್ ತಲೆಯನ್ನು ಬಟ್ಟೆಯಲ್ಲಿ ಒರೆಸಿ. ಒರೆಸದೆ ಗನ್ ಕೂರಿಸಿದರೆ ತಲೆಯ ಮೇಲಿನ ಮರಳನ್ನು ನೀವೇ ಬೇರಿಂಗಿಗೆ ತಳ್ಳಿದಂತೆ.

ನಿಪ್ಪಲ್ ಗ್ರೀಸ್ ತೆಗೆದುಕೊಳ್ಳದಿದ್ದರೆ ಬಿಚ್ಚಿ ಹೊಸದು ಹಾಕಿ, ಅದು ಚಿಲ್ಲರೆ ಖರ್ಚು. ಹೊಸದರಲ್ಲೂ ಹೋಗದಿದ್ದರೆ ಒಳಗಿನ ದಾರಿಯಲ್ಲಿ ಹಳೆ ಗ್ರೀಸ್ ಕಲ್ಲಾಗಿದೆ, ಪಿನ್ ಹೊಡೆದು ತೆಗೆದು ತೊಳೆಯಲೇಬೇಕು. ಪಂಪಿನ ಒತ್ತಡ ಹೆಚ್ಚಿಸಿ ದೂಡಲು ಹೋಗಿ ಹೋಸ್ ಸಿಡಿದರೆ ಅಪಾಯ. ಒತ್ತಡದ ಗ್ರೀಸ್ ಬೆರಳಿಗೆ ಚುಚ್ಚಿದರೆ ಹೊರಗೆ ಸೂಜಿಮೊನೆಯ ಗುರುತು ಮಾತ್ರ ಕಾಣಬಹುದು, ಒಳಗೆ ಬೆರಳೇ ಹೋಗುವಷ್ಟು ಹಾನಿಯಾಗಿರುತ್ತದೆ. ನೋವಿಲ್ಲ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ ‘ಗ್ರೀಸ್ ಒಳಹೊಕ್ಕಿದೆ’ ಎಂದೇ ಹೇಳಬೇಕು.

ಬೆರಕೆ, ನಕಲಿ, ಎಷ್ಟು ಕೊಳ್ಳಬೇಕು

ಲಿಥಿಯಂಗೆ ಲಿಥಿಯಂ ಕಾಂಪ್ಲೆಕ್ಸ್ ಬೆರೆತರೆ ತೊಂದರೆಯಿಲ್ಲ. ಪಾಲಿಯೂರಿಯಾ ಅಥವಾ ಬೆಂಟೋನ್ ಜೇಡಿಯ ಗ್ರೀಸ್ ಇವುಗಳ ಜೊತೆ ಸೇರಿದರೆ ಕೆಲವೇ ದಿನದಲ್ಲಿ ನೀರಾಗಿ ಸುರಿಯಬಹುದು, ಇಲ್ಲವೇ ಗಟ್ಟಿಯಾಗಬಹುದು. ಸಲ್ಫೋನೇಟಿಗೆ ಬದಲಾಯಿಸುವಾಗ ಹಳೆಯದನ್ನು ತೊಳೆದೇ ತುಂಬಿ. ಬ್ರಾಂಡ್ ಬದಲಾದರೂ ಸೋಪು ಅದೇ ಇದ್ದರೆ ಹೆದರಬೇಕಿಲ್ಲ.

ಖಾಲಿ ಡಬ್ಬಿಗೆ ಬೇರೆ ಮಾಲು ತುಂಬಿ ಮಾರುವುದೂ ಇದೆ. ಸೀಲ್, ಬ್ಯಾಚ್ ನಂಬರ್, ತಯಾರಾದ ತಿಂಗಳು ನೋಡಿ. ಮನೆಗೆ ತಂದು ಒಂದು ಚಿಟಿಕೆಯನ್ನು ಎರಡು ಗಾಜಿನ ಚೂರುಗಳ ನಡುವೆ ಇಟ್ಟು ಉಜ್ಜಿ, ಕಿರಗುಟ್ಟಿದರೆ ಒಳಗೆ ಮರಳಿದೆ. ಇನ್ನೊಂದು ಚಿಟಿಕೆಯನ್ನು ಲೋಟದ ನೀರಲ್ಲಿ ಕಡ್ಡಿಯಿಂದ ಕಡೆಯಿರಿ. ನೀರು ಕೂಡಲೇ ಹಾಲಿನಂತಾದರೆ ಅದನ್ನು ಗದ್ದೆಗೆ ಒಯ್ಯಬೇಡಿ. ಬೇಸಿಗೆಯಲ್ಲಿ ಡಬ್ಬಿಯ ಮೇಲೆ ತೆಳ್ಳಗೆ ಎಣ್ಣೆ ನಿಂತಿದ್ದರೆ ಗಾಬರಿ ಬೇಡ, ಕಲಸಿ ಬಳಸಬಹುದು. ಬೊಗಸೆಗಟ್ಟಲೆ ಎಣ್ಣೆ ಬಿಟ್ಟು ಕೆಳಗೆ ಸೋಪು ಒಣಗಿ ಕೂತಿದ್ದರೆ ವಾಪಸು ಕೊಡಿ.

ಟ್ರ್ಯಾಕ್ಟರ್, ರೋಟವೇಟರ್ ಸೇರಿ ದಿನಕ್ಕೆ ಹನ್ನೆರಡು ನಿಪ್ಪಲ್, ಒಂದಕ್ಕೆ ನಾಲ್ಕು ಸ್ಟ್ರೋಕ್ ಎಂದರೆ 60 ಗ್ರಾಂ ಆಸುಪಾಸು. ಇಂಥವರಿಗೆ 5 ಕೆ.ಜಿ ಪ್ಯಾಕ್ ಎಂಬತ್ತು ದಿನದ ದುಡಿಮೆಗೆ ಬರುತ್ತದೆ. ಅದಕ್ಕಿಂತ ದೊಡ್ಡದು ತಂದರೆ ಮುಚ್ಚಳ ತೆರೆದೇ ಬಿದ್ದು ಧೂಳು ತಿನ್ನುತ್ತದೆ. ಬ್ಯಾಕ್‌ಹೋ ಲೋಡರಿಗೆ ಮೂವತ್ತು ನಿಪ್ಪಲ್, ಐದೈದು ಸ್ಟ್ರೋಕ್ ಹಿಡಿದರೆ ದಿನಕ್ಕೆ ಸುಮಾರು 200 ಗ್ರಾಂ. ಅವರು 18 ಕೆ.ಜಿ ಬಕೆಟ್ ತಂದರೆ ಮೂರು ತಿಂಗಳು, ಕೆ.ಜಿ ಲೆಕ್ಕದಲ್ಲಿ ಬೆಲೆಯೂ ಇಳಿಯುತ್ತದೆ. ಪಂಪಿಗೆ ಸುರಿಯುವಾಗ ನಡುವೆ ಗಾಳಿ ಸಿಕ್ಕಿಕೊಳ್ಳದಂತೆ ಒತ್ತಿ ತುಂಬಿ, ಮೋಲಿಯ ಪಂಪಿಗೂ ಸಾದಾ ಗ್ರೀಸಿನ ಪಂಪಿಗೂ ಬೇರೆ ಬೇರೆ ಬಣ್ಣದ ಪೇಂಟ್ ಪಟ್ಟಿ ಹೊಡೆದಿಡಿ.